ಅಪ್ಪನ ಮಾರುತಿ 800ರ ಆಯಿಲ್ ಚೇಂಬರ್ ಸೋರಿಕೆ: ನಾನೇ ಸರಿ ಮಾಡಿದ ಅನುಭವ

ನಮ್ಮ ಮನೆಯಲ್ಲಿ ಅಂಗಳಕ್ಕೆ ಎಣ್ಣೆ ಬಿದ್ದರೆ ಅದು ಸಣ್ಣ ವಿಷಯ ಅಲ್ಲ. ಬೇಯಿಸಿದ ಅಡಿಕೆ ಒಣಗಿಸುವ ಜಾಗ ಅದು. ಕಾರು ನಿಲ್ಲಿಸಿದ ಕಡೆ ಮೊದಲು ಒಂದು ಕಪ್ಪು ಚುಕ್ಕೆ ಕಂಡಿತು. ತಿಂಗಳು ಕಳೆಯುವಷ್ಟರಲ್ಲಿ ಅದು ತಟ್ಟೆಯಷ್ಟು ಅಗಲವಾಯಿತು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುವುದು, ಸ್ವಲ್ಪ ಆಯಿಲ್ ಸುರಿಯುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು.

ಕಾರು 1998ರ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಕಾರ್ಬ್ಯುರೇಟರ್ ಇರುವ ಮಾಡೆಲ್. ಅಪ್ಪ ತೆಗೆದುಕೊಂಡದ್ದು. ಅವರು ಈಗಿಲ್ಲ, ಕಾರು ಇದೆ. ಅದಕ್ಕೇ ಇದನ್ನು ಮಾರುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಎರಡು ಸಲ ಗ್ಯಾರೇಜಿಗೆ ಕೊಟ್ಟಿದ್ದೆ. ಎರಡು ಸಲವೂ ಕೆಳಗೆ ನುಗ್ಗಿ, ಆಯಿಲ್ ಚೇಂಬರಿನ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಬಟ್ಟಲು) ಬೋಲ್ಟುಗಳನ್ನು ಇನ್ನಷ್ಟು ಟೈಟ್ ಮಾಡಿ ಕಳಿಸಿದರು. ಒಂದು ವಾರ ಕಡಿಮೆಯಾದ ಹಾಗೆ ಕಾಣುತ್ತಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ. ಟೈಟ್ ಮಾಡಿದಷ್ಟೂ ಯಾಕೆ ಜಾಸ್ತಿ ಸೋರುತ್ತದೆ ಎಂದು ಗೊತ್ತಾದದ್ದು ನಾನೇ ಬಿಚ್ಚಿದ ಮೇಲೆ.

ಬಿಚ್ಚುವ ಮೊದಲು ಒಂದು ಕೆಲಸ ಆಗಲೇಬೇಕು. ಸೋರುತ್ತಿರುವುದು ಚೇಂಬರೇ ಹೌದಾ ಎಂದು ನೋಡುವುದು. ಎಣ್ಣೆ ಯಾವಾಗಲೂ ಕೆಳಗೇ ಬರುತ್ತದೆ, ಅಲ್ವಾ? ಎಂಜಿನ್ನಿನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಹೋಗಿದ್ದರೂ, ಆಯಿಲ್ ಪ್ರೆಶರ್ ಸ್ವಿಚ್ ಸೋರಿದರೂ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದ್ದರೂ ಕೊನೆಗೆ ಹನಿ ಬೀಳುವುದು ಚೇಂಬರಿನ ತಳದಿಂದಲೇ. ನಾನು ಎಂಜಿನ್ ತಣ್ಣಗಿರುವಾಗ ಹಳೆಯ ಟೂತ್‌ಬ್ರಶ್ಶಿಗೆ ಡೀಸೆಲ್ ಅದ್ದಿ ಮೇಲಿಂದ ಕೆಳಗಿನವರೆಗೆ ಉಜ್ಜಿದೆ. ಬಟ್ಟೆಯಲ್ಲಿ ಒರೆಸಿ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಚೇಂಬರಿನ ಅಂಚಿನ ಸುತ್ತ, ಎಂಜಿನ್ ಬ್ಲಾಕಿನ ಪಕ್ಕಕ್ಕೆಲ್ಲ ಉದುರಿಸಿದೆ. ಸಾಗರದ ಕಡೆಗೆ ಹತ್ತು ಕಿಲೋಮೀಟರ್ ಹೋಗಿ ಬಂದು ಟಾರ್ಚ್ ಹಿಡಿದು ನೋಡಿದರೆ ಬಿಳಿ ಪೌಡರಿನ ಮೇಲೆ ಎರಡು ಕಂದು ಗೆರೆ. ಎರಡೂ ಶುರುವಾಗಿದ್ದು ಚೇಂಬರಿನ ಅಂಚಿನಿಂದ, ಒಂದು ಬೋಲ್ಟಿಗೂ ಇನ್ನೊಂದಕ್ಕೂ ನಡುವಿನ ಜಾಗದಿಂದ. ಅದಕ್ಕಿಂತ ಮೇಲೆ ಎಲ್ಲ ಒಣ. ಟ್ಯಾಪೆಟ್ ಕವರಿನ ಒಂದು ಮೂಲೆ ಮಾತ್ರ ಸ್ವಲ್ಪ ಜಿಡ್ಡಾಗಿತ್ತು, ಅದು ಕೆಳಗೆ ಇಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಹಿಂದಿನ ರಾತ್ರಿಯೇ ಸೈಲೆನ್ಸರ್ ಪೈಪಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಹಾಗೆ ಮಾಡದಿದ್ದರೆ ಅವು ಮುರಿಯಬಹುದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂಭಾಗ ಎತ್ತಿ ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಇದ್ದಕ್ಕಿದ್ದಂತೆ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಬಾಡಿಗೆಗೋ ಸ್ನೇಹಿತರಿಂದಲೋ ತನ್ನಿ, ಸಿಗುವವರೆಗೆ ಕೆಲಸ ಮುಂದಕ್ಕೆ ಹಾಕಿ. ಮಲಗಲು ನಾನು ದೊಡ್ಡ ಅಡಿಕೆ ಹಾಳೆಗಳನ್ನು ಹಾಸಿಕೊಂಡೆ. ಸಿಮೆಂಟಿನ ಮೇಲೆ ಸಲೀಸಾಗಿ ಜಾರುತ್ತವೆ, ಹನಿ ಬಿದ್ದರೂ ಅಂಗಳ ಕೆಡುವುದಿಲ್ಲ.

ಆಯಿಲ್ ಇಳಿಸಿ, ಅಡ್ಡ ಬರುವ ಸೈಲೆನ್ಸರ್ ಪೈಪ್ ಸರಿಸಿ, ಕ್ಲಚ್ ಹೌಸಿಂಗಿನ ಕೆಳಗಿನ ತಗಡು ಬಿಚ್ಚಿದ ಮೇಲೆ ಚೇಂಬರಿನ ಬೋಲ್ಟುಗಳು ಕೈಗೆ ಸಿಕ್ಕವು. ಎಲ್ಲವೂ 10ನೇ ನಂಬರ್ ಸ್ಪ್ಯಾನರಿನವು. ಕೊನೆಯ ಎರಡನ್ನು ಅರ್ಧ ಬಿಟ್ಟುಕೊಂಡು ಚೇಂಬರನ್ನು ಎಬ್ಬಿಸಲು ನೋಡಿದೆ. ಅಂಟು ಬಿಡಲಿಲ್ಲ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಲು ಕೈ ಹೋಗುತ್ತದೆ, ಆದರೆ ಅಲ್ಲೇ ಅಂಚು ಸೊಟ್ಟಗಾಗುವುದು. ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ಬಡಿಯುತ್ತಾ ಹೋದೆ. ಹತ್ತು ನಿಮಿಷಕ್ಕೆ ಬಿಟ್ಟುಕೊಂಡಿತು.

ಅದನ್ನು ಹೊರಗೆ ತಂದು ಬಿಸಿಲಿನಲ್ಲಿ ಹಿಡಿದಾಗ ವಿಷಯ ಅರ್ಥವಾಯಿತು. ಚೇಂಬರ್ ತೆಳು ಉಕ್ಕಿನ ತಗಡು. ಅಂಚಿಗೆ ಅಡ್ಡವಾಗಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಬ್ಲಾಕಿನ ಕಡೆಗೆ ಗುಳ್ಳೆಯ ಹಾಗೆ ಉಬ್ಬಿತ್ತು. ಟೈಟ್ ಮಾಡಿ ಮಾಡಿ ತೂತಿನ ಸುತ್ತಲ ಜಾಗ ಮೇಲೆದ್ದಿದೆ. ಹಾಗಾಗಿ ಬೋಲ್ಟ್ ಇರುವಲ್ಲಿ ಮಾತ್ರ ಅಂಚು ಬ್ಲಾಕಿಗೆ ತಾಗುತ್ತದೆ, ಎರಡು ಬೋಲ್ಟುಗಳ ನಡುವೆ ಸಂದಿ ಬಿಡುತ್ತದೆ. ಎಷ್ಟು ಟೈಟ್ ಮಾಡಿದರೆ ಅಷ್ಟು ಉಬ್ಬು, ಅಷ್ಟು ಸಂದಿ. ಪೌಡರಿನ ಮೇಲಿನ ಗೆರೆಗಳು ಸರಿಯಾಗಿ ಅಂಥ ಸಂದಿಗಳಲ್ಲೇ ಶುರುವಾಗಿದ್ದವು.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಭಯವಾಯಿತು. ಆಯಿಲ್ ಪಂಪಿಗೆ ಎಣ್ಣೆ ಎಳೆದುಕೊಳ್ಳುವ ಜಾಲರಿಯ ಮೇಲೆ ರಬ್ಬರಿನ ಚೂರುಗಳ ಹಾಗೆ ಏನೋ ಅಂಟಿಕೊಂಡಿತ್ತು. ಹಿಂದೆ ಯಾವಾಗಲೋ ಯಾರೋ ಅಂಚಿನ ಸಂದಿ ಮುಚ್ಚಲು ಧಾರಾಳವಾಗಿ ಬಳಿದ ಸಿಲಿಕಾನ್ ಅಂಟು. ಒತ್ತಿದಾಗ ಒಳಗೆ ಉಕ್ಕಿದ್ದು ಒಣಗಿ, ಕಿತ್ತು, ಜಾಲರಿಗೆ ಬಂದು ಕೂತಿದೆ. ಜಾಲರಿ ಪೂರ್ತಿ ಕಟ್ಟಿಕೊಂಡಿದ್ದರೆ ಎಂಜಿನ್ನಿಗೆ ಆಯಿಲೇ ಹೋಗುತ್ತಿರಲಿಲ್ಲ. ಅಂಗಳದ ಕಲೆಗಿಂತ ದೊಡ್ಡ ಅಪಾಯ ಅದು. ಚಿಮಟ ಹಿಡಿದು ಒಂದೊಂದೇ ಚೂರು ತೆಗೆದೆ.

ಅಂಚು ಸರಿ ಮಾಡುವುದಕ್ಕೇ ಅರ್ಧ ದಿನ ಹಿಡಿಯಿತು. ದಪ್ಪ ಕಬ್ಬಿಣದ ತುಂಡಿನ ಮೇಲೆ ಅಂಚನ್ನು ಕೂರಿಸಿ, ಉಬ್ಬಿದ ಕಡೆ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ತಟ್ಟುವುದು, ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯುವುದು, ಮತ್ತೆ ತಟ್ಟುವುದು. ಸ್ಕೇಲಿನ ಕೆಳಗೆ ಬೆಳಕು ಕಾಣದಿದ್ದರೆ ಆ ತೂತು ಮುಗಿಯಿತು, ಮುಂದಿನದಕ್ಕೆ ಹೋದೆ. ರಸ್ತೆಯ ಹಂಪ್‌ಗೆ ತಾಗಿ ತಳದಲ್ಲೂ ಒಂದು ನೆಗ್ಗು ಬಿದ್ದಿತ್ತು. ಮರದ ತುಂಡು ಇಟ್ಟು ಒಳಗಿನಿಂದ ಬಡಿದು ಅದನ್ನೂ ತೆಗೆದೆ. ತಳ ಮೇಲೆದ್ದರೆ ಜಾಲರಿಗೆ ಹತ್ತಿರವಾಗುತ್ತದೆ. ತುಕ್ಕಿನಿಂದ ತೂತು ಬಿದ್ದಿದೆಯಾ ಎಂದು ನೋಡಲು ಸೀಮೆಎಣ್ಣೆ ತುಂಬಿಸಿ ಒಂದು ಗಂಟೆ ಪೇಪರಿನ ಮೇಲೆ ಇಟ್ಟೆ. ಪೇಪರ್ ಒಣಗೇ ಇತ್ತು. ಹೊಸ ಚೇಂಬರ್ ಬೇಕಾಗಲಿಲ್ಲ.

ಅವತ್ತೇ ಜೋಡಿಸಲಿಲ್ಲ. ಬ್ಲಾಕಿನಿಂದ ಹನಿ ಬೀಳುತ್ತಲೇ ಇರುತ್ತದೆ, ಜಿಡ್ಡಿನ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ. ರಾತ್ರಿಯಿಡೀ ಸೋರಲು ಬಿಟ್ಟೆ. ಭಾನುವಾರ ಬ್ಲಾಕಿನ ಮುಖದ ಹಳೆ ಪ್ಯಾಕಿಂಗನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಥಿನ್ನರ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಬೇಕು. ಬೋಲ್ಟ್ ತೂತುಗಳ ಒಳಗೂ ಎಣ್ಣೆ ನಿಂತಿರುತ್ತದೆ, ಅದನ್ನೂ ಬಟ್ಟೆಯ ತುದಿಯಿಂದ ತೆಗೆಯಿರಿ.

ಸಿಲಿಕಾನ್ ಎಂದರೆ ಕಿಟಕಿ ಗಾಜಿಗೆ ಹಾಕುವುದಲ್ಲ. ಆಯಿಲ್ ತಡೆಯುವ ಎಂಜಿನ್ ಗ್ಯಾಸ್ಕೆಟ್ ಮೇಕರ್ ಎಂದು ಕೇಳಿ ತೆಗೆದುಕೊಳ್ಳಿ. ಚೇಂಬರಿನ ಅಂಚಿಗೆ ಸುಮಾರು 3 ಮಿ.ಮೀ. ದಪ್ಪದ ಒಂದೇ ಗೆರೆ, ಎಲ್ಲೂ ತುಂಡಾಗದ ಹಾಗೆ, ಬೋಲ್ಟ್ ತೂತುಗಳ ಒಳಬದಿಯಿಂದ ಎಳೆದೆ. ಬ್ಲಾಕಿಗೆ ಬೇರೆ ಭಾಗಗಳು ಜೋಡಿಯಾಗುವ ಮೂಲೆಗಳಲ್ಲಿ ಮಾತ್ರ ಒಂದೊಂದು ಚುಕ್ಕೆ ಜಾಸ್ತಿ. ಜಾಲರಿಯ ಮೇಲಿನ ಚೂರುಗಳನ್ನು ನೋಡಿದ್ದೆನಲ್ಲ, ಅದಕ್ಕಿಂತ ಹೆಚ್ಚು ಹಾಕಲು ಮನಸ್ಸೇ ಬರಲಿಲ್ಲ.

ಚೇಂಬರ್ ಎತ್ತಿ ಹಿಡಿಯಲು ತಂಗಿ ಬಂದಳು. ಇದು ಒಬ್ಬರ ಕೆಲಸ ಅಲ್ಲ, ಗೆರೆ ಒಮ್ಮೆ ಕದಡಿದರೆ ಮತ್ತೆ ಎಲ್ಲ ಒರೆಸಬೇಕು. ಬೋಲ್ಟುಗಳನ್ನು ಮೊದಲು ಬೆರಳಿನಲ್ಲೇ ಕೂರಿಸಿದೆ. ಆಮೇಲೆ ನಡುವಿನಿಂದ ಶುರು ಮಾಡಿ, ಆಚೆ ಒಂದು ಈಚೆ ಒಂದು ಎಂದು ತುದಿಗಳ ಕಡೆಗೆ ಹೋದೆ, ಎರಡು ಸುತ್ತಿನಲ್ಲಿ. ಬೈಕ್ ರಿಪೇರಿ ಮಾಡುವ ಸ್ನೇಹಿತನ ಚಿಕ್ಕ ಟಾರ್ಕ್ ರೆಂಚ್ (ಇಟ್ಟ ಅಳತೆಗೆ ಬಿಗಿಯಾದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ತಂದಿದ್ದೆ. 10 ನ್ಯೂಟನ್ ಮೀಟರಿಗೆ ಇಟ್ಟುಕೊಂಡೆ. ಆ ಅಳತೆ ಕೈಗೆ ಎಷ್ಟು ಹಗುರ ಅನ್ನಿಸುತ್ತದೆ ಎಂದರೆ, ಕ್ಲಿಕ್ ಎಂದಾಗ ಇನ್ನೂ ಬಿಗಿಯೇ ಆಗಿಲ್ಲವಲ್ಲ ಎಂದುಕೊಂಡೆ. ಅಷ್ಟೇ ಸಾಕು. ಟಾರ್ಕ್ ರೆಂಚ್ ಇಲ್ಲದವರು ಸ್ಪ್ಯಾನರನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನ ಬಲದಲ್ಲಷ್ಟೇ ತಿರುಗಿಸಿ, ತೋಳು ಹಾಕಬೇಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿದೆ.

ಒಂದು ದಿನ ಪೂರ್ತಿ ಕಾಯಬೇಕಾಯಿತು. ಸೋಮವಾರ ಸಂಜೆ ಹೊಸ ಫಿಲ್ಟರ್ ಹಾಕಿ, ಡಿಪ್‌ಸ್ಟಿಕ್ ನೋಡಿಕೊಳ್ಳುತ್ತಾ ಆಯಿಲ್ ಸುರಿದೆ. ಸ್ಟಾರ್ಟ್ ಮಾಡಿದಾಗ ಆಯಿಲಿನ ಕೆಂಪು ದೀಪ ಕೆಲವೇ ಸೆಕೆಂಡಿಗೆ ಆರಿತು. ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿಟ್ಟು ಹೋಗಿ ಮಲಗಿದೆ. ಬೆಳಿಗ್ಗೆ ಅಮ್ಮನೇ ಮೊದಲು ಹೋಗಿ ನೋಡಿ ಬಂದು, ಏನೂ ಇಲ್ಲ ಎಂದರು.

ಇಳಿಸಿದ ಹಳೆ ಆಯಿಲನ್ನು ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆ. ತೋಟದಲ್ಲಿ ನೀರು ಹರಿಯುವ ಕಾದಿಗೆಗೆ ಅದು ಹೋಗಬಾರದು, ಅಲ್ಲಿಂದ ನೇರ ಬಾವಿಯ ನೀರಿಗೆ. ಈಗ ಎರಡು ಮಳೆಗಾಲ ಕಳೆದಿದೆ, ಚೇಂಬರಿನ ಅಂಚು ಒಣಗಿದೆ. ಆ ಬೋಲ್ಟುಗಳನ್ನು ನಾನು ಮತ್ತೆ ಮುಟ್ಟಿಲ್ಲ. ಟ್ಯಾಪೆಟ್ ಕವರಿನ ಮೂಲೆ ಮಾತ್ರ ಈ ಸಲ ಜಿಡ್ಡು ಜಾಸ್ತಿಯಾಗಿದೆ. ಅದರ ಪ್ಯಾಕಿಂಗ್ ತಂದಿಟ್ಟಿದ್ದೇನೆ, ಅಡಿಕೆ ಕೊಯ್ಲು ಮುಗಿದ ಮೇಲೆ ಬಿಚ್ಚಬೇಕು.