ವರ್ಣಭೇದದ ತಡೆ ದಾಟಿದವರ ವ್ಯಕ್ತಿಚಿತ್ರ ಬರೆಯುವ ಬಗೆ

ಅಮೆರಿಕದ ಕ್ರೀಡೆಗಳಲ್ಲಿ ಅಥವಾ ವೃತ್ತಿಗಳಲ್ಲಿ ವರ್ಣಭೇದದ ತಡೆಯನ್ನು ದಾಟಿದ ಕಪ್ಪು ಸಾಧಕರ ಬಗ್ಗೆ ಬರೆಯಹೊರಟವರು ಅವರ ಬಾಲ್ಯದ ಬಡತನದಿಂದ ಆರಂಭಿಸುವುದು ರೂಢಿ. ಅದಕ್ಕಿಂತ ಮೊದಲು, ಅವರನ್ನು ಹೊರಗಿಟ್ಟವರು ಯಾರು, ಯಾವ ಆಧಾರದ ಮೇಲೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗಾಲ್ಫ್‌ನಲ್ಲಿ ನಿಷೇಧವು ವೃತ್ತಿಪರ ಆಟಗಾರರ ಸಂಘವಾದ ಪಿಜಿಎಯ ನಿಯಮಾವಳಿಯಲ್ಲಿಯೇ ಇತ್ತು. ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂಬ ಆ ಷರತ್ತು ರದ್ದಾದದ್ದು 1961ರಲ್ಲಿ. ಬೇಸ್‌ಬಾಲ್‌ನಲ್ಲಿ ಅದೇ ಕೆಲಸವನ್ನು ತಂಡಗಳ ಮಾಲೀಕರ ಅಲಿಖಿತ ಒಪ್ಪಂದ ಮಾಡುತ್ತಿತ್ತು. ಇದನ್ನು ಹೇಳದೆ ಹೋದರೆ, ಅಷ್ಟು ವರ್ಷ ಅರ್ಹರೇ ಇರಲಿಲ್ಲವೇನೋ ಎಂದು ಓದುಗರು ಭಾವಿಸುತ್ತಾರೆ.

‘ಮೊದಲಿಗರು’ ಎಂದು ಬರೆಯುವಾಗ ಯಾವ ಲೀಗ್‌ನಲ್ಲಿ, ಯಾವ ಕಾಲದಲ್ಲಿ, ಯಾವ ಅರ್ಥದಲ್ಲಿ ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಬೇಕು. ಜಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪರವಾಗಿ ಕಣಕ್ಕಿಳಿದರು. ಆದರೆ ಮೋಸೆಸ್ ಫ್ಲೀಟ್‌ವುಡ್ ವಾಕರ್ 1884ರಲ್ಲಿಯೇ ಟೊಲೆಡೊ ತಂಡದೊಂದಿಗೆ ಬೇಸ್‌ಬಾಲ್‌ನ ಅತ್ಯುನ್ನತ ವೃತ್ತಿಪರ ಹಂತವಾದ ಮೇಜರ್ ಲೀಗ್ ಆಡಿದ್ದರು. ಹೀಗಾಗಿ ರಾಬಿನ್ಸನ್ ಅವರನ್ನು ಇಪ್ಪತ್ತನೆಯ ಶತಮಾನದ ಮೇಜರ್ ಲೀಗ್‌ನ ಮೊದಲಿಗರೆನ್ನುವುದು ಸರಿ. ಒಮ್ಮೆ ಸಿಕ್ಕ ಪ್ರವೇಶವನ್ನು ಮತ್ತೆ ಕಿತ್ತುಕೊಂಡು ಅರವತ್ತು ವರ್ಷ ಮೀರಿ ತಡೆಹಿಡಿದದ್ದೇ, ನನ್ನ ದೃಷ್ಟಿಯಲ್ಲಿ, ಈ ಕಥೆಯ ತಿರುಳು. ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಂತೂ 1950ರಲ್ಲಿ ‘ಮೊದಲಿಗ’ ಎಂಬ ಗೌರವ ಮೂವರಿಗೆ ಸಲ್ಲುತ್ತದೆ: ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾದವರು ಚಕ್ ಕೂಪರ್, ಒಪ್ಪಂದಕ್ಕೆ ಸಹಿ ಹಾಕಿದವರು ನ್ಯಾಟ್ ಕ್ಲಿಫ್ಟನ್, ಪಂದ್ಯ ಆಡಿದವರು ಅರ್ಲ್ ಲಾಯ್ಡ್.

ತಡೆ ಸಡಿಲಗೊಂಡ ಕಾರಣವನ್ನು ಯಾರೋ ಒಬ್ಬರ ಔದಾರ್ಯಕ್ಕೆ ಒಪ್ಪಿಸಿ ಸುಮ್ಮನಾಗಬಾರದು. 1946ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಅಮೆರಿಕನ್ ಫುಟ್‌ಬಾಲ್ ತಂಡ ಕಪ್ಪು ಆಟಗಾರ ಕೆನ್ನಿ ವಾಷಿಂಗ್ಟನ್ ಅವರನ್ನು ಸೇರಿಸಿಕೊಂಡದ್ದಕ್ಕೆ, ಸಾರ್ವಜನಿಕ ಹಣದಿಂದ ನಿರ್ಮಿಸಿದ ಕ್ರೀಡಾಂಗಣದಲ್ಲಿ ಭೇದವೇಕೆ ಎಂದು ಕಪ್ಪು ಪತ್ರಕರ್ತರು ಪಟ್ಟುಹಿಡಿದದ್ದು ಮುಖ್ಯ ಕಾರಣ. ವೃತ್ತಿರಂಗದಲ್ಲಿ ಇಂಥ ಒತ್ತಡದ ಜಾಡು ನ್ಯಾಯಾಲಯದ ಕಡತಗಳಲ್ಲಿ ಸಿಗುತ್ತದೆ. ವಾಯುಪಡೆಯಲ್ಲಿ ಪೈಲಟ್ ಆಗಿದ್ದ ಮಾರ್ಲನ್ ಗ್ರೀನ್ 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕಿ, ವರ್ಣದ ಕಾರಣಕ್ಕೆ ತಿರಸ್ಕೃತರಾದರು. ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತದ್ದು 1963ರಲ್ಲಿ, ಅವರು ಕೆಲಸಕ್ಕೆ ಸೇರಿದ್ದು 1965ರಲ್ಲಿ. ಈ ಮೂರು ಇಸವಿಗಳನ್ನು ಒಟ್ಟಿಗೆ ಕೊಟ್ಟರೆ ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ.

ಎರಡನೆಯವರನ್ನೂ ಬಿಡಬಾರದು. ರಾಬಿನ್ಸನ್ ನಂತರ ಮೂರು ತಿಂಗಳೊಳಗೆ ಕ್ಲೀವ್‌ಲ್ಯಾಂಡ್ ತಂಡ ಸೇರಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ತಡೆಯನ್ನು ಮುರಿದ ಲ್ಯಾರಿ ಡೋಬಿ ಅಂಥದೇ ಅವಮಾನಗಳನ್ನು ಎದುರಿಸಿದರೂ ಅವರಿಗೆ ದೊರೆತ ಪ್ರಚಾರ ಕಡಿಮೆ. ಲೇಖನದಲ್ಲಿ ಅವರಿಗೆ ಒಂದು ಪೂರ್ಣ ಪರಿಚ್ಛೇದವನ್ನಾದರೂ ಮೀಸಲಿಡಬೇಕು.