ಕರುಳಿನ ಕ್ಯಾನ್ಸರ್: ಕೀಹೋಲ್ ಆಗಲಿ, ತೆರೆದ ಆಪರೇಷನ್ ಆಗಲಿ, ರೋಗನಿರೋಧಕ ಶಕ್ತಿಯನ್ನು ಕಾಯ್ದುಕೊಳ್ಳುವ ಬಗೆ

ದೊಡ್ಡಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೊರಡುವವರು, ಹೊಟ್ಟೆ ತೆರೆದು ಮಾಡುವುದು ಒಳ್ಳೆಯದೋ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಕೀಹೋಲ್ ಒಳ್ಳೆಯದೋ ಎಂದು ಕೇಳುವ ಮುನ್ನ, ಎರಡರಲ್ಲೂ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಅರಿತಿರುವುದು ಒಳಿತು.

ಗಾಯವಾದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ, ಉರಿಯೂತದ ಸಂದೇಶ ಸಾರುವ ಪ್ರೋಟೀನ್ ಏರುತ್ತದೆ; ಅದರ ಪ್ರೇರಣೆಯಿಂದ ಯಕೃತ್ತು ತಯಾರಿಸುವ ಸಿಆರ್‌ಪಿ (ಉರಿಯೂತವನ್ನು ಸೂಚಿಸುವ ಪ್ರೋಟೀನ್) ಎರಡು ಮೂರನೆಯ ದಿನಕ್ಕೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಇದೇ ಹೊತ್ತಿಗೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳ ಚುರುಕು ಕೆಲವು ದಿನ ಕುಗ್ಗಿರುತ್ತದೆ. ಕೀಹೋಲ್‌ನಲ್ಲಿ ಗಾಯ ಚಿಕ್ಕದಾದ್ದರಿಂದ ಈ ಏರುಪೇರು ಸಾಮಾನ್ಯವಾಗಿ ಕಡಿಮೆ. ಆದರೆ ಅಷ್ಟಕ್ಕೇ ಕ್ಯಾನ್ಸರ್ ಮರುಕಳಿಸುವುದು ತಪ್ಪುತ್ತದೆಂದು ನಂಬಬಾರದು: 872 ರೋಗಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ವರ್ಷಗಳೊಳಗಿನ ಮರುಕಳಿಕೆ ಕೀಹೋಲ್‌ನಲ್ಲಿ ಶೇ. 16, ತೆರೆದ ವಿಧಾನದಲ್ಲಿ ಶೇ. 18 ಇತ್ತು, ಅದು ಗಣನೀಯ ವ್ಯತ್ಯಾಸವಲ್ಲ.

ಆದ್ದರಿಂದ ವಿಧಾನದ ಹೆಸರಿಗಿಂತ ಮೊದಲು ಶಸ್ತ್ರವೈದ್ಯರಿಗೆ ಅದರಲ್ಲಿರುವ ಅನುಭವವನ್ನು ವಿಚಾರಿಸಿ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ತಪ್ಪದೆ ತಿಳಿಸಿ. ಕೀಹೋಲ್ ಎಂದು ಆರಂಭಿಸಿ ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನು ವೈದ್ಯರ ಸೋಲೆಂದು ತಿಳಿಯಬೇಡಿ. ರೋಗಿಯ ಸುರಕ್ಷತೆಗಾಗಿ ಕೈಗೊಳ್ಳುವ ನಿರ್ಧಾರವದು.

ನಿಮ್ಮ ಕೈಯಲ್ಲಿರುವುದು ಆಪರೇಷನ್ನಿಗೆ ಮುಂಚಿನ ವಾರಗಳು, ಮತ್ತು ನನ್ನ ಮಟ್ಟಿಗೆ ಹೆಚ್ಚು ಗಮನ ಸಲ್ಲಬೇಕಾದದ್ದು ಅಲ್ಲಿಯೇ. ಬೀಡಿ, ಸಿಗರೇಟನ್ನು ಸಾಧ್ಯವಾದರೆ ನಾಲ್ಕು ವಾರ ಮೊದಲೇ ಬಿಡಿ. ಕರುಳಿನ ಗೆಡ್ಡೆಯಿಂದ ರಕ್ತ ಸೋರಿ ಕಬ್ಬಿಣದ ಕೊರತೆಯಾಗಿರುವುದು ಸಾಮಾನ್ಯ. ಹಿಮೋಗ್ಲೋಬಿನ್ ಎಷ್ಟಿದೆ, ಕಬ್ಬಿಣಾಂಶದ ಇಂಜೆಕ್ಷನ್ ಬೇಕೇ ಎಂದು ಕೇಳಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಬರೀ ಕುಚ್ಚಲಕ್ಕಿ ಗಂಜಿಯಲ್ಲೇ ದಿನ ಕಳೆಯದೆ ಮೊಟ್ಟೆ, ಮೀನು, ಹೆಸರುಕಾಳುಗಳಲ್ಲಿ ಒಗ್ಗುವುದನ್ನು ವೈದ್ಯರ ಸಲಹೆಯಂತೆ ಸೇರಿಸಿ, ದಿನವೂ ನಡೆಯಿರಿ. ‘ಇಮ್ಯುನಿಟಿ’ ಹೆಸರಿನ ಪುಡಿ, ಕಷಾಯಗಳನ್ನು ವೈದ್ಯರಿಗೆ ಹೇಳದೆ ಸೇವಿಸಬೇಡಿ. ಕೆಲವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಆಪರೇಷನ್ ಬಳಿಕ ಮೂರನೆಯ ದಿನದ ನಂತರವೂ ಸಿಆರ್‌ಪಿ ಲೀಟರಿಗೆ 150 ಮಿಲಿಗ್ರಾಂ ಮೀರಿದ್ದರೆ ಗೆಡ್ಡೆಯ ಭಾಗ ತೆಗೆದು ಕರುಳನ್ನು ಜೋಡಿಸಿದ ಜಾಗ ಸೋರುತ್ತಿದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಕೆಲವು ಲ್ಯಾಬುಗಳು ಡೆಸಿಲೀಟರಿನ ಲೆಕ್ಕ ಕೊಡುವುದರಿಂದ ಅಲ್ಲಿ ಅದೇ ಮಟ್ಟ 15 ಎಂದಿರುತ್ತದೆ. ಮನೆಗೆ ಮರಳಿದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ ಅಥವಾ ಗಾಯದಲ್ಲಿ ಕೀವು ಕಂಡರೆ ಬೆಳಗಾಗಲೆಂದು ಕಾಯದೆ ಹೊರಡಿ. ಕೀಮೋ ಬೇಕಾದವರಿಗೆ ಅದನ್ನು ಸಾಧಾರಣವಾಗಿ ಆಪರೇಷನ್ ಆದ ಎಂಟು ವಾರಗಳೊಳಗೆ ಆರಂಭಿಸಬೇಕಾಗುತ್ತದೆ, ಗಾಯದ ಸೋಂಕು ಉಳಿದರೆ ಅದು ಮುಂದೆ ಹೋಗುತ್ತದೆ.