ಹಸುವಿನ ಹಿಂಡಿ ಬದಲಿಸುವುದು ಹೇಗೆ?

ಮದುವೆ ಮನೆಯಲ್ಲಿ ಉಳಿದ ಅನ್ನ ನಮ್ಮ ಕಡೆ ಸೀದಾ ಕೊಟ್ಟಿಗೆಗೆ ಹೋಗುತ್ತದೆ. ಚೆಲ್ಲುವ ಬದಲು ಹಸು ತಿನ್ನಲಿ ಅಂತ. ಹಸುವೂ ಗಬಗಬ ತಿನ್ನುತ್ತದೆ. ಮಾರನೇ ದಿನ ಮೆಲುಕಿಲ್ಲ, ಮೇವು ಬೇಡ, ಸಗಣಿ ನೀರು ನೀರು.

ಹುಲ್ಲಿನ ನಾರು ಒಡೆಯುವ ಶಕ್ತಿ ಹಸುವಿಗೇ ಇಲ್ಲ. ಅದು ಮೊದಲ ಹೊಟ್ಟೆ ರೂಮೆನ್‌ನಲ್ಲಿರುವ ಬ್ಯಾಕ್ಟೀರಿಯಾಗಳ ಕೆಲಸ. ಅಲ್ಲಿ ಸುಮಾರು 39 ಡಿಗ್ರಿ ಬಿಸಿ, ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವುಗಳಿಗೆ ಅದೇ ಬೇಕು. ಬಹುಪಾಲು ಗಾಳಿ ತಾಗಿದರೆ ಬದುಕುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಬೆಳೆಸುವುದೇ ದೊಡ್ಡ ತಲೆನೋವಾಗಿತ್ತು. ಅಮೆರಿಕದ ವಿಜ್ಞಾನಿ ರಾಬರ್ಟ್ ಹಂಗೇಟ್ ಆಮ್ಲಜನಕ ಹೊರದಬ್ಬಿ ಬಿರಡೆ ಹಾಕಿದ ಟ್ಯೂಬುಗಳಲ್ಲಿ ಅವನ್ನು ಬೆಳೆಸಿ ತೋರಿಸಿದರು. ರೂಮೆನ್ ರಸದ ಒಂದೊಂದು ಮಿಲಿಲೀಟರಿನಲ್ಲೂ ಸುಮಾರು 1000 ಕೋಟಿ ಇರುತ್ತವೆ.

ನಾರು ತಿನ್ನುವ ಫೈಬ್ರೊಬ್ಯಾಕ್ಟರ್, ರುಮಿನೋಕಾಕಸ್ ನಿಧಾನದವು. ಅವು ಕೊಡುವ ಅಸಿಟಿಕ್ ಆಮ್ಲದಿಂದಲೇ ಹಾಲಿಗೆ ಫ್ಯಾಟ್ ಬರುವುದು ಜಾಸ್ತಿ. ಅನ್ನದಲ್ಲಿರುವಂಥ ಪಿಷ್ಟ ಸಿಕ್ಕಿದರೆ ಸ್ಟ್ರೆಪ್ಟೋಕಾಕಸ್ ಬೋವಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾಗೆ ಹಬ್ಬ. ಸರಸರ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಅದು 6ಕ್ಕಿಂತ ಇಳಿದರೆ ನಾರಿನವು ಕೈಚೆಲ್ಲುತ್ತವೆ. ಅನ್ನದ ಬಕೆಟ್ ಮಾಡುವುದು ಇದನ್ನೇ.

ಹಿಂಡಿ ಬದಲಾದಾಗಲೂ ಈ ಬ್ಯಾಕ್ಟೀರಿಯಾಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಆದ್ದರಿಂದ ಹೊಸ ಹಿಂಡಿ ತಂದರೆ ಹಳೆಯದನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ 3 ದಿನ ಕಾಲು ಭಾಗ ಹೊಸದು. ಆಮೇಲೆ 3 ದಿನ ಅರ್ಧಂಬರ್ಧ. ಇನ್ನೂ 3 ದಿನ ಮುಕ್ಕಾಲು. ಹತ್ತನೇ ದಿನದಿಂದ ಪೂರ್ತಿ.

ಬೆಳಿಗ್ಗೆ ಮೊದಲು ರಾಗಿ ಹುಲ್ಲು, ನಂತರ ಹಿಂಡಿ. ಹುಲ್ಲು ಅಗಿದಷ್ಟೂ ಜೊಲ್ಲು. ದಿನಕ್ಕೆ 100 ಲೀಟರ್ ದಾಟುವ ಆ ಜೊಲ್ಲಿನಲ್ಲಿ ಅಡುಗೆ ಸೋಡಾದಂಥ ಕ್ಷಾರವಿದೆ, ಹುಳಿ ಮುರಿಯಲು. ಹುಲ್ಲನ್ನು ತೀರಾ ಪುಡಿ ಮಾಡಿದರೆ ಹಸು ಅಗಿಯುವುದೇ ಇಲ್ಲ, ಅಲ್ವಾ?

ಇನ್ನು ಪರೀಕ್ಷೆ. ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಸುಮ್ನೆ ನಿಲ್ಲಿ. ಒಳಗಿಂದ ಎರಡು ಮೂರು ಸಲ ಮೆಲ್ಲಗೆ ದೂಡಿದರೆ ಹೊಟ್ಟೆ ನಡೆಯುತ್ತಿದೆ. ಡೇರಿಯಲ್ಲಿ ಫ್ಯಾಟ್ ದಿಢೀರ್ ಇಳಿದರೆ ಹಾಲಿಗಿಂತ ಮೊದಲು ಮೇವಿನ ಬಾನಿ ನೋಡಿ.

ಅನ್ನ ಆಗಲೇ ತಿಂದಾಗಿದ್ದರೆ? ಹಿಂಡಿ ನಿಲ್ಲಿಸಿ, ಒಣ ಹುಲ್ಲು ಮಾತ್ರ ಇಡಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಕೆಲವೊಮ್ಮೆ ಅವರು ಆರೋಗ್ಯವಾದ ಹಸುವಿನ ರೂಮೆನ್ ರಸವನ್ನೇ ತಂದು ಕುಡಿಸುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಎಷ್ಟು ಬಕೆಟ್ ಅನ್ನ, ಎಷ್ಟು ಹೊತ್ತಿಗೆ ಹಾಕಿದಿರಿ ಅನ್ನುವುದನ್ನು ಸಂಕೋಚ ಬಿಟ್ಟು ಹೇಳಿ.